ಒಂದು ಚಾರ್ಜ್, ಒಂದು ಅಂಗೈ, ಎರಡು ಪಂದ್ಯ

ಒಂದು ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಕೋಚ್ ಮತ್ತು ರೆಫ್ರಿಗಳ ನಡುವೆ ಜಗಳವಾಯಿತು. ಆರು ವಾರದ ನಂತರ ಅದೇ ಕೋಚ್, ಅದೇ ರೆಫ್ರಿಗಳು ಮತ್ತೆ ಎದುರಾದರು. ಎರಡೂ ಪಂದ್ಯಕ್ಕೆ ನಾನು ರೆಫ್ರಿಗಳ ವೀಕ್ಷಕನಾಗಿ ಹೋಗಿದ್ದೆ. ಆಟ ನಡೆಸುವವರನ್ನು ಗಮನಿಸಿ, ಪಂದ್ಯ ಮುಗಿದ ಮೇಲೆ ಅವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ.

ಹೆಸರು, ಊರು, ತಂಡ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಸಂಬಂಧಪಟ್ಟವರಿಗೆ ಬರೆಯುವ ವಿಷಯ ತಿಳಿಸಿದ್ದೇನೆ, ಯಾರೂ ಬೇಡ ಅನ್ನಲಿಲ್ಲ. ಈಗ ಸೀಟಿ ಹಿಡಿಯುತ್ತಿರುವ ಹೊಸಬರು ಇದನ್ನು ಓದಲಿ ಅನ್ನುವುದು ನನ್ನ ಆಸೆ.

ಹಿನ್ನೆಲೆ

16 ವರ್ಷದೊಳಗಿನ ಹುಡುಗರ ಲೀಗ್. ಒಂದು ತಂಡವನ್ನು ನೀಲಿ ಅನ್ನೋಣ, ಇನ್ನೊಂದನ್ನು ಬಿಳಿ. ಪಂದ್ಯಕ್ಕೆ ಇಬ್ಬರು ರೆಫ್ರಿಗಳು. ಕ್ಯಾಮೆರಾ ನೋಡಿ ತೀರ್ಪು ಬದಲಿಸುವ ವ್ಯವಸ್ಥೆ ಇರಲಿಲ್ಲ. ಒಮ್ಮೆ ಕಣ್ಣಿಗೆ ಕಂಡದ್ದು, ಅಷ್ಟೇ.

ಕ್ರೂ ಚೀಫ್, ಅಂದರೆ ಇಬ್ಬರಲ್ಲಿ ಮುಖ್ಯ ರೆಫ್ರಿ ಆಗಿದ್ದವರು ಹದಿನೈದು ವರ್ಷದ ಅನುಭವಿ. ನಿಯಮ ಚೆನ್ನಾಗಿ ಬಲ್ಲವರು, ಓಟದಲ್ಲಿ ಇವತ್ತಿಗೂ ಹುಡುಗರಿಗೆ ಸಮ. ಕೋಚ್‌ಗಳ ಜೊತೆ ಮಾತೇ ಬೇಡ ಅನ್ನುವುದು ಅವರು ಕಲಿತ ಪಾಠ. ಅವರ ಕಾಲದ ಹಿರಿಯರು ಹಾಗೇ ಹೇಳಿಕೊಟ್ಟಿದ್ದರು: ಸೀಟಿ ಊದಿದ್ರೆ ಮುಗೀತು, ವಿವರಣೆ ಕೊಟ್ಟರೆ ಸದರ ಆಗುತ್ತೆ. ಜೊತೆಗಿದ್ದ ರೆಫ್ರಿ ಕಿರಿಯ ಹೆಣ್ಣುಮಗಳು, ಆಕೆಗೆ ಅದು ಎರಡನೇ ಸೀಸನ್. ಒಳ್ಳೆಯ ಕಣ್ಣು, ಒಳ್ಳೆಯ ಜಾಗ ಹಿಡಿಯುವ ಗುಣ, ಮೆತ್ತಗಿನ ದನಿ.

ನೀಲಿ ತಂಡದ ಕೋಚ್ ಬಗ್ಗೆ ಎಲ್ಲ ರೆಫ್ರಿಗಳಿಗೂ ಒಂದು ಅಭಿಪ್ರಾಯ ಇತ್ತು: ಬಾಯಿ ಜಾಸ್ತಿ. ಅದು ನಿಜವೇ. ಆದರೆ ಅವರು ನಿಯಮದ ಪುಸ್ತಕವನ್ನು ಓದಿ ಕೂಗುವವರು. ಅವರ ಹುಡುಗರು ಕುಳ್ಳಗಿದ್ದರು, ಚುರುಕಾಗಿದ್ದರು. ದೂರದಿಂದ ಎಸೆಯುವುದಕ್ಕಿಂತ ಡ್ರಿಬಲ್ ಮಾಡಿಕೊಂಡು ಒಳಗೆ ನುಗ್ಗುವುದೇ ಅವರ ಆಟ. ಹೀಗೆ ನುಗ್ಗುವ ತಂಡಕ್ಕೆ ಪ್ರತಿ ಪಂದ್ಯದಲ್ಲೂ ಏಳೆಂಟು ಸಲ ಒಂದೇ ಪ್ರಶ್ನೆ ಎದುರಾಗುತ್ತದೆ: ಇದು ಬ್ಲಾಕೋ, ಚಾರ್ಜೋ? ಬ್ಲಾಕ್ ಅಂದರೆ ಡಿಕ್ಕಿಯಲ್ಲಿ ತಪ್ಪು ತಡೆದವನದು, ಚಾರ್ಜ್ ಅಂದರೆ ನುಗ್ಗಿದವನದು.

ಬಿಳಿ ತಂಡದ ಕೋಚ್ ಮಾತು ಕಡಿಮೆ. ಅವರ ವಿಷಯ ಕೊನೆಗೆ ಬರುತ್ತದೆ.

ಮೊದಲ ಪಂದ್ಯ: ಸೀಟಿ ಮತ್ತು ಅಂಗೈ

ಎರಡನೇ ಕ್ವಾರ್ಟರ್, ಇನ್ನು ನಾಲ್ಕು ನಿಮಿಷ ಬಾಕಿ. ನೀಲಿ ತಂಡದ ಗಾರ್ಡ್ ಬಲಗಡೆಯಿಂದ ನುಗ್ಗಿದ. ಬಿಳಿ ತಂಡದ ಉದ್ದನೆಯ ಹುಡುಗ ಎಡಕ್ಕೆ ಸರಿದು ದಾರಿಗೆ ಬಂದ. ಶೂ ಕೀಚ್ ಅಂದ ಸದ್ದು, ಎದೆಗೆ ಭುಜ ತಗುಲಿದ ಸದ್ದು, ಇಬ್ಬರೂ ನೆಲಕ್ಕೆ. ಚೆಂಡು ಬಾಸ್ಕೆಟ್ ಒಳಗೆ ಬಿತ್ತು. ಬೇಸ್‌ಲೈನ್ (ಬಾಸ್ಕೆಟ್ ಹಿಂದಿನ ಗೆರೆ) ಹತ್ತಿರ ಇದ್ದ ಕಿರಿಯ ರೆಫ್ರಿ ಸೀಟಿ ಊದಿ ಚಾರ್ಜ್ ಕೊಟ್ಟರು. ಚೆಂಡು ಕೈ ಬಿಡುವ ಮೊದಲೇ ಡಿಕ್ಕಿ ಆಗಿದೆ, ಬಾಸ್ಕೆಟ್ ಇಲ್ಲ ಅಂತ ಸನ್ನೆ.

ಇದರ ಬೆಲೆ ಎಷ್ಟು ನೋಡಿ. ಬ್ಲಾಕ್ ಅಂದಿದ್ದರೆ ನೀಲಿ ತಂಡಕ್ಕೆ 2 ಪಾಯಿಂಟ್, ಜೊತೆಗೆ 1 ಫ್ರೀ ಥ್ರೋ. ಚಾರ್ಜ್ ಅಂದಿದ್ದರಿಂದ ಅದೆಲ್ಲ ಹೋಯಿತು, ಚೆಂಡೂ ಹೋಯಿತು, ಹುಡುಗನ ಲೆಕ್ಕಕ್ಕೆ ಮೂರನೇ ಫೌಲ್ ಬಿತ್ತು. ಐದಾದರೆ ಅವನು ಹೊರಗೆ. ಕೋಚ್‌ಗಳು ಬೇರೆ ಯಾವುದಕ್ಕಿಂತಲೂ ಈ ತೀರ್ಪಿಗೇ ಜಾಸ್ತಿ ಸಿಟ್ಟಾಗುವುದು ಇದಕ್ಕೇ.

ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮದ ಪ್ರಕಾರ ತಡೆಯುವ ಆಟಗಾರ ಎದುರಾಳಿಯ ಕಡೆ ಮುಖ ಮಾಡಿ, ಎರಡೂ ಕಾಲು ನೆಲಕ್ಕೆ ಊರಿ ಜಾಗ ಹಿಡಿದಿರಬೇಕು. ಒಮ್ಮೆ ಹಿಡಿದ ಮೇಲೆ ಪಕ್ಕಕ್ಕೋ ಹಿಂದಕ್ಕೋ ಸರಿಯಬಹುದು. ಎದುರಾಳಿ ನೆಲ ಬಿಟ್ಟು ಹಾರಿದ ಮೇಲೆ ಅವನ ದಾರಿಗೆ ಬರುವಂತಿಲ್ಲ. ಡಿಕ್ಕಿ ಎದೆಗೆ ಆದರೆ ತಪ್ಪು ನುಗ್ಗಿದವನದು. ಬಾಸ್ಕೆಟ್ ಕೆಳಗೆ 1.25 ಮೀಟರ್ ತ್ರಿಜ್ಯದ ಅರ್ಧವೃತ್ತ ಇದೆ, ಅದರೊಳಗೆ ಲೆಕ್ಕ ಬೇರೆ. ಇಷ್ಟನ್ನೂ ಅರ್ಧ ಸೆಕೆಂಡಿನಲ್ಲಿ ನೋಡಬೇಕು.

ಆ ತೀರ್ಪು ಸರಿ ಇತ್ತಾ? ನನ್ನ ಜಾಗದಿಂದ ನನಗೆ ಬ್ಲಾಕ್ ಅನ್ನಿಸಿತು. ನನ್ನ ಪಕ್ಕ ಕೂತಿದ್ದ ಇನ್ನೊಬ್ಬ ಅನುಭವಿಗೆ ಚಾರ್ಜ್ ಅನ್ನಿಸಿತು. ಇಬ್ಬರು ಬಲ್ಲವರು ನೋಡಿದರೂ ಎರಡು ಮಾತು ಬರುವಂಥ ಜಾಗ ಅದು. ಆದ್ದರಿಂದ ಈ ಪ್ರಕರಣದಲ್ಲಿ ತೀರ್ಪನ್ನು ಪಕ್ಕಕ್ಕೆ ಇಡುತ್ತೇನೆ. ನನ್ನ ಗಮನ ಇರುವುದು ಆಮೇಲಿನ ಇಪ್ಪತ್ತು ಸೆಕೆಂಡಿನ ಮೇಲೆ.

ಫೌಲ್ ಕೊಟ್ಟವರು ಸ್ಕೋರರ್ ಟೇಬಲ್‌ಗೆ ಸನ್ನೆ ಮಾಡಿ ಹೇಳಬೇಕು. ಟೇಬಲ್ ಪಕ್ಕದಲ್ಲೇ ನೀಲಿ ತಂಡದ ಬೆಂಚ್. ಕಿರಿಯ ರೆಫ್ರಿ ಬಂದು ನಂಬರ್ ತೋರಿಸುವಾಗ ಕೋಚ್ ಕೇಳಿದರು: "ಮೇಡಂ, ಅವನ ಕಾಲು ನೆಲದ ಮೇಲಿತ್ತಾ? ನೀವು ನೋಡಿದ್ರಾ?" ದನಿ ಜೋರಾಗಿತ್ತು, ಎರಡೂ ಕೈ ಮೇಲಕ್ಕೆ ಎದ್ದಿದ್ದವು. ಆದರೆ ಮಾತು ಪ್ರಶ್ನೆಯೇ ಆಗಿತ್ತು.

ಆಕೆ ಉತ್ತರಿಸಲಿಲ್ಲ. ತಿರುಗಿ ಹಿರಿಯರನ್ನು ನೋಡಿದರು. ಆ ಒಂದು ನೋಟವನ್ನು ಇಡೀ ಬೆಂಚ್ ಗಮನಿಸಿತು.

ಹಿರಿಯ ರೆಫ್ರಿ ಅಂಗಳದ ಆ ತುದಿಯಿಂದ ದಾಪುಗಾಲು ಹಾಕಿ ಬಂದರು. ಕೋಚ್ ಮುಖದ ಎದುರು ಅಂಗೈ ಹಿಡಿದು, "ಸಾಕು ಕೋಚ್. ಕೂತ್ಕೊಳ್ಳಿ" ಅಂದರು.

"ನಿಂತ್ಕೊಳ್ಳೋಕೆ ನನಗೆ ರೂಲ್ ಇದೆ ಸರ್."

ಇದೆ. ತನ್ನ ಬೆಂಚಿನ ಜಾಗದೊಳಗೆ ಇರುವ ತನಕ ಹೆಡ್ ಕೋಚ್ ಆಟದುದ್ದಕ್ಕೂ ನಿಂತೇ ಇರಬಹುದು. ಹಿರಿಯರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ, ಬಾಯಿ ತಪ್ಪಿ ಬಂತು. ಆದರೆ ಈಗ ಏನಾಯಿತು ನೋಡಿ. ಇಬ್ಬರೂ ಪ್ರಾಮಾಣಿಕವಾಗಿ ಬೇರೆ ಬೇರೆ ಹೇಳಬಹುದಾಗಿದ್ದ ಒಂದು ತೀರ್ಪಿನ ವಿಷಯ ಅಲ್ಲಿಗೆ ಹೋಯಿತು. ಅದರ ಜಾಗದಲ್ಲಿ ರೆಫ್ರಿ ಖಚಿತವಾಗಿ ತಪ್ಪಾಗಿದ್ದ, ಕೋಚ್ ಖಚಿತವಾಗಿ ಸರಿಯಾಗಿದ್ದ ಒಂದು ವಿಷಯ ಬಂದು ನಿಂತಿತು. ಅದೂ ಹನ್ನೆರಡು ಹುಡುಗರ ಎದುರು. ಅಂಗೈಯನ್ನು ಇಳಿಸುವುದು ಹೇಗೆ ಅಂತ ಹಿರಿಯರಿಗೂ ತಿಳಿಯಲಿಲ್ಲ. ಸುಮ್ನೆ ತಿರುಗಿ ಹೋದರು. ಪಂದ್ಯ ಕೈತಪ್ಪಿದ್ದು ಅಲ್ಲೇ ಅಂತ ನನ್ನ ನೋಟ್‌ಬುಕ್‌ನಲ್ಲಿ ಅವತ್ತೇ ಬರೆದಿದ್ದೇನೆ.

ಆಮೇಲೆ ಮಾಡಿ ನೋಡಿದ್ದು

ಮೊದಲು ಕೇಳಿಸದ ಹಾಗೆ ಇದ್ದು ನೋಡಿದರು. ಎರಡನೇ ಕ್ವಾರ್ಟರ್ ಮುಗಿಯುವವರೆಗೆ ಪ್ರತಿ ಸೀಟಿಗೂ ನೀಲಿ ಬೆಂಚಿನಿಂದ ಒಂದು ಮಾತು. ಹೆಡ್ ಕೋಚ್ ಸುಮ್ಮನಾದರೆ ಅಸಿಸ್ಟೆಂಟ್ ಶುರು. ಅಸಿಸ್ಟೆಂಟ್ ಕೋಚ್ ರೆಫ್ರಿಗಳ ಜೊತೆ ಮಾತಾಡುವಂತೆಯೇ ಇಲ್ಲ, ಅದೂ ನಿಯಮದಲ್ಲಿದೆ. ಯಾರೂ ನೆನಪಿಸಲಿಲ್ಲ. ಎಚ್ಚರಿಕೆ ಕೊಡುವ ಅವಕಾಶ ಆ ಅರ್ಧದಲ್ಲಿ ಕನಿಷ್ಠ ನಾಲ್ಕು ಸಲ ಬಂತು, ನಾಲ್ಕೂ ಸಲ ಬಿಟ್ಟರು.

ಆಮೇಲೆ ಮೂರನೇ ಕ್ವಾರ್ಟರ್‌ನಲ್ಲಿ ಇನ್ನೊಂದು ಆಯಿತು. ಈ ಪ್ರಕರಣದಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಅದೇ. ನೀಲಿ ಗಾರ್ಡ್ ಮತ್ತೆ ನುಗ್ಗಿದ. ಬಿಳಿ ಹುಡುಗ ಅಲ್ಲಾಡದೆ ನಿಂತಿದ್ದ. ತೋಳಿಗೆ ತೋಳು ಸವರಿತು, ಅಷ್ಟೇ. ಕಿರಿಯ ರೆಫ್ರಿ ಬ್ಲಾಕ್ ಕೊಟ್ಟರು.

ನೀಲಿ ಬೆಂಚಿನಲ್ಲಿ ಚಪ್ಪಾಳೆ. ಆ ಚಪ್ಪಾಳೆಯಲ್ಲಿ ಖುಷಿ ಇರಲಿಲ್ಲ. "ಈಗ ಕೊಡ್ತೀರಾ?" ಅನ್ನುವ ಚಪ್ಪಾಳೆ ಅದು. ಬಿಳಿ ತಂಡದ ಕೋಚ್ ಆ ದಿನ ಮೊದಲ ಸಲ ಎದ್ದು ನಿಂತರು. ಎರಡೂ ಕೈ ಅಗಲ ಮಾಡಿ ಒಂದು ಕ್ಷಣ ಹಾಗೇ ನಿಂತಿದ್ದು, ಏನೂ ಹೇಳದೆ ಕೂತರು.

ಹಿಂದಿನ ತೀರ್ಪಿನ ಲೆಕ್ಕ ಸರಿದೂಗಿಸಲು ಊದುವ ಸೀಟಿ ಇದು. ಬೇಕೆಂದೇ ಮಾಡುವವರು ಕಡಿಮೆ. ಮನಸ್ಸು ತಾನೇ ತಕ್ಕಡಿ ಹಿಡಿದುಬಿಡುತ್ತದೆ. ಇದನ್ನು ಅಧ್ಯಯನ ಮಾಡಿದವರೂ ಇದ್ದಾರೆ. 2001ರಲ್ಲಿ ಪ್ಲೆಸ್ನರ್ ಮತ್ತು ಬೆಟ್ಶ್ ಎಂಬ ಸಂಶೋಧಕರು ಫುಟ್‌ಬಾಲ್ ರೆಫ್ರಿಗಳಿಗೆ ಮತ್ತು ಆಟಗಾರರಿಗೆ ಒಂದೇ ಪಂದ್ಯದ ತುಣುಕುಗಳನ್ನು ಸಾಲಾಗಿ ತೋರಿಸಿದರು. ಒಂದು ತಂಡಕ್ಕೆ ಆಗಲೇ ಪೆನಾಲ್ಟಿ ಕೊಟ್ಟವರು ಅದೇ ತಂಡಕ್ಕೆ ಇನ್ನೊಂದು ಕೊಡಲು ಹಿಂಜರಿದರು. 2009ರಲ್ಲಿ ಆಂಡರ್ಸನ್ ಮತ್ತು ಪಿಯರ್ಸ್ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಗಳ ಅಂಕಿ ಅಂಶ ತೆಗೆದು ನೋಡಿದಾಗ, ಯಾವ ತಂಡದ ಫೌಲ್ ಕಡಿಮೆ ಇದೆಯೋ ಮುಂದಿನ ಫೌಲ್ ಆ ತಂಡದ ಮೇಲೆ ಬೀಳುವ ಸಾಧ್ಯತೆ ಹೆಚ್ಚಿತ್ತು. ಅನುಭವ ಇದ್ದವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಕೋಚ್‌ಗಳಿಗೆ ಅಧ್ಯಯನ ಬೇಕಿಲ್ಲ, ಅವರಿಗೆ ಇದು ಮೊದಲಿಂದ ಗೊತ್ತು. ಕೂಗಿದರೆ ಮುಂದಿನದು ನಮ್ಮ ಕಡೆ ಬರುತ್ತೆ ಅಂತ ಅದಕ್ಕೇ ಕೂಗುತ್ತಾರೆ. ಅವತ್ತು ನಾವು ಅದನ್ನು ನಿಜ ಮಾಡಿ ತೋರಿಸಿದೆವು.

ಕೊನೆಯ ಕ್ವಾರ್ಟರ್, ಎರಡು ನಿಮಿಷ ಬಾಕಿ. ಹೊರಗೆ ಹೋದ ಚೆಂಡಿನ ಒಂದು ಸಣ್ಣ ತೀರ್ಪು. ನೀಲಿ ಕೋಚ್ ಗೆರೆ ದಾಟಿ ಎರಡು ಹೆಜ್ಜೆ ಒಳಗೆ ಬಂದು, "ನೀವು ಮೊದಲೇ ತೀರ್ಮಾನ ಮಾಡ್ಕೊಂಡು ಬಂದಿದ್ದೀರಾ" ಅಂದರು. ಇದು ಪ್ರಶ್ನೆಯಲ್ಲ, ಆಪಾದನೆ. ಟೆಕ್ನಿಕಲ್ ಫೌಲ್, ಅಂದರೆ ನಡತೆಯ ತಪ್ಪಿಗೆ ಹಾಕುವ ಫೌಲ್, ಕೊಡಲೇಬೇಕಾದ ಮಾತು. ಹಿರಿಯ ರೆಫ್ರಿ ಕೊಟ್ಟರು. ಆದರೆ ಕೊಟ್ಟ ರೀತಿ ಹೇಗಿತ್ತು? ತಲೆಯ ಮೇಲೆ ಕೈ ಎತ್ತಿ, ಎರಡು ಅಂಗೈಯನ್ನು ಟಿ ಆಕಾರದಲ್ಲಿ ಪಟ್ ಅಂತ ಬಡಿದು, ಕೋಚ್ ಕಡೆಗೇ ನಡೆಯುತ್ತಾ. ಒಂದು ಗಂಟೆಯಿಂದ ತಡೆದುಕೊಂಡಿದ್ದ ಸಿಟ್ಟೆಲ್ಲ ಆ ಕೈಗಳಲ್ಲಿತ್ತು. ಕೋಚ್ ಹಿಂದೆ ಸರಿಯಲಿಲ್ಲ, ಇನ್ನೊಂದು ಮಾತು ಸೇರಿಸಿದರು. ಎರಡನೇ ಟೆಕ್ನಿಕಲ್ ಬಂತು. ಕೋಚ್ ಹೆಸರಿಗೆ ಇಂಥ ಎರಡು ಬಿದ್ದರೆ ಅವರು ಅನರ್ಹ, ಅಂಗಳ ಬಿಡಬೇಕು.

ಬಿಳಿ ತಂಡ ಎರಡು ಫ್ರೀ ಥ್ರೋ ಹಾಕಿತು. ನೀಲಿ ತಂಡ ಐದು ಪಾಯಿಂಟ್‌ನಿಂದ ಸೋತಿತು. ಪಂದ್ಯದ ನಂತರ ಕಿರಿಯ ರೆಫ್ರಿ ಕೈ ಚಾಚಿದಾಗ ನೀಲಿ ತಂಡದ ಕ್ಯಾಪ್ಟನ್, ಹದಿನೈದರ ಹುಡುಗ, ಆ ಕೈಯನ್ನು ನೋಡಿಯೂ ನೋಡದ ಹಾಗೆ ದಾಟಿ ಹೋದ. ಸ್ಕೋರಿಗಿಂತ ಇದು ನನಗೆ ಜಾಸ್ತಿ ನೋವು ಕೊಟ್ಟಿತು.

ಒಬ್ಬೊಬ್ಬರ ಜೊತೆ ಮಾತು

ಅದೇ ರಾತ್ರಿ ಕಿರಿಯ ರೆಫ್ರಿಯಿಂದ ಮೆಸೇಜ್ ಬಂತು: ಸ್ವಲ್ಪ ದಿನ ನನಗೆ ಪಂದ್ಯ ಬೇಡ ಸರ್. ಬಹಳ ಜನ ಹೊಸಬರು ಹೀಗೆ ಬರೆದು ಮತ್ತೆ ಬರುವುದಿಲ್ಲ. ಆದ್ದರಿಂದ ಮಾರನೇ ದಿನವೇ ಹೋಗಿ ಮಾತಾಡಿದೆ.

"ಕೋಚ್ ಕೇಳಿದಾಗ ಉತ್ತರ ಗೊತ್ತಿರಲಿಲ್ವಾ?" ಅಂದೆ.

"ಗೊತ್ತಿತ್ತು ಸರ್. ಹೇಳಬಹುದಾ ಅನ್ನೋದು ಗೊತ್ತಿರಲಿಲ್ಲ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಸೀಸನ್ ನಾವು ಆಕೆಗೆ ಜಾಗ ಹಿಡಿಯುವುದು, ಸನ್ನೆ ಮಾಡುವುದು, ಸೀಟಿ ಊದುವುದು ಎಲ್ಲ ಕಲಿಸಿದ್ದೆವು. ಸೀಟಿ ಊದಿದ ಮೇಲೆ ಬಾಯಿ ತೆರೆಯಬಹುದಾ ಅಂತ ಹೇಳಿಯೇ ಇರಲಿಲ್ಲ. ಮೂರನೇ ಕ್ವಾರ್ಟರಿನ ಬ್ಲಾಕ್ ಬಗ್ಗೆಯೂ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಊದುವಾಗಲೇ ಗೊತ್ತಾಯ್ತು" ಅಂದರು.

ಕೋಚ್ ದೂರು ಬರೆದು ಕೊಟ್ಟಿದ್ದರು. ಅವರನ್ನು ಭೇಟಿಯಾದಾಗ ಅರ್ಧ ಗಂಟೆ ಚಾರ್ಜ್ ಬಗ್ಗೆಯೇ ಮಾತಾಡುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. "ಆ ಫೌಲ್ ತಪ್ಪು ಅಂತ ಈಗಲೂ ಹೇಳ್ತೀನಿ. ತಪ್ಪಾಗುತ್ತೆ, ನನ್ನ ಹುಡುಗರೂ ಸುಲಭದ ಶಾಟ್ ಬಿಡ್ತಾರೆ. ಆದ್ರೆ ನಾನೊಂದು ಪ್ರಶ್ನೆ ಕೇಳಿದೆ, ಅವರು ಅಂಗೈ ತೋರಿಸಿದ್ರು." ಹಾಗಂತ ಅವರ ಕೊನೆಯ ಮಾತನ್ನು ನಾನು ಒಪ್ಪಿಕೊಳ್ಳಲಿಲ್ಲ. ಮಕ್ಕಳ ಎದುರು ರೆಫ್ರಿಯ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿದ್ದಕ್ಕೆ ಕಾರಣ ಏನೇ ಇರಲಿ, ಶಿಕ್ಷೆ ನ್ಯಾಯವೇ ಅಂತ ಅವರಿಗೆ ಹೇಳಿದೆ. ಅವರು ತಲೆ ತಗ್ಗಿಸಿದರು, ಇಲ್ಲ ಅನ್ನಲಿಲ್ಲ.

ಕಷ್ಟವಾದದ್ದು ಹಿರಿಯ ರೆಫ್ರಿಯ ಜೊತೆ. "ಒಂದಕ್ಕೆ ಉತ್ತರ ಕೊಟ್ರೆ ಹತ್ತು ಕೇಳ್ತಾರೆ. ಪ್ರಶ್ನೆ ಅಂತ ಬರೋದು ಅರ್ಧ ಸಲ ಒತ್ತಡವೇ" ಅಂದರು. ಇದರಲ್ಲಿ ಹುರುಳಿದೆ. ಉತ್ತರ ಬೇಕಾಗಿಲ್ಲದೆ, ಸುಮ್ನೆ ರೆಫ್ರಿಯ ತಲೆಯೊಳಗೆ ಕೂರಬೇಕು ಅಂತಲೇ ಕೇಳುವ ಕೋಚ್‌ಗಳನ್ನು ನಾನೂ ನೋಡಿದ್ದೇನೆ. ಎರಡು ಸಂಜೆ ಈ ವಾದ ನಡೆಯಿತು. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದೆವು: ಒಂದು ಪ್ರಶ್ನೆಗೆ ಒಂದು ಉತ್ತರ. ಅದೇ ಪ್ರಶ್ನೆ ಮತ್ತೆ ಬಂದರೆ "ಹೇಳಿದ್ದೀನಿ ಕೋಚ್" ಅಂದು ನಡೆಯುವುದು.

ಖಾಲಿ ಅಂಗಳದಲ್ಲಿ ಅಭ್ಯಾಸ

ನಾನು ಕೋಚ್ ಪಾತ್ರ ಹಾಕಿದೆ, ಇಬ್ಬರೂ ರೆಫ್ರಿಗಳು ಸರದಿಯಲ್ಲಿ ಎದುರಿಸಿದರು. ಮೊದಲು ಕಲಿಯಬೇಕಾದದ್ದು ಬಂದ ಮಾತು ಯಾವ ಜಾತಿಯದು ಅಂತ ಗುರುತಿಸುವುದು. "ಕಾಲು ಊರಿತ್ತಾ?" ಅನ್ನುವುದು ಪ್ರಶ್ನೆ, ಉತ್ತರ ಕೊಡಬೇಕು. "ಅಯ್ಯೋ, ಅದು ಬ್ಲಾಕ್!" ಅನ್ನುವುದು ಉದ್ಗಾರ, ಕಿವಿಗೆ ಹಾಕಿಕೊಂಡು ಬಿಡಬಹುದು. "ನಿಮಗೆ ಕಣ್ಣು ಕಾಣಲ್ವಾ" ಅನ್ನುವುದು ವ್ಯಕ್ತಿಯ ಮೇಲಿನ ಮಾತು, ಅಲ್ಲಿ ಎಚ್ಚರಿಕೆ ಅಥವಾ ಟೆಕ್ನಿಕಲ್. ದನಿ ಎಷ್ಟು ಜೋರು ಅನ್ನುವುದರ ಮೇಲೆ ಇದನ್ನು ಅಳೆಯಬಾರದು. ಮೊದಲ ಪಂದ್ಯದಲ್ಲಿ ಇಬ್ಬರೂ ದನಿ ಕೇಳಿದರು, ಮಾತು ಕೇಳಲಿಲ್ಲ.

ಇದರ ಜೊತೆ ಇನ್ನೊಂದು ವ್ಯತ್ಯಾಸ ಗೊತ್ತಿರಬೇಕು. ಚಾರ್ಜೋ ಬ್ಲಾಕೋ ಅನ್ನುವುದು ಕಣ್ಣಿನ ತೀರ್ಪು, ಕೋಚ್ ಒಪ್ಪದಿದ್ದರೂ ಅದು ನಿಲ್ಲುತ್ತದೆ. ಟೀಮ್ ಫೌಲ್ ಎಷ್ಟಾಗಿದೆ, ಫ್ರೀ ಥ್ರೋ ಯಾರು ಹಾಕಬೇಕು ಅನ್ನುವುದು ನಿಯಮದ, ಲೆಕ್ಕದ ವಿಷಯ. ಅಲ್ಲಿ ಕೋಚ್ ಹೇಳಿದ್ದು ಸರಿಯಿದ್ದರೆ ತಿದ್ದಲೇಬೇಕು. ಹಾಗೆ ತಿದ್ದಬಹುದಾದ ತಪ್ಪುಗಳು ಯಾವುವು, ಎಲ್ಲಿಯವರೆಗೆ ತಿದ್ದಬಹುದು ಅಂತ ನಿಯಮದ ಪುಸ್ತಕದಲ್ಲೇ ಬರೆದಿದೆ. ಎರಡಕ್ಕೂ ಒಂದೇ ಮುಖ ತೋರಿಸುವ ರೆಫ್ರಿಯನ್ನು ಯಾರೂ ನಂಬುವುದಿಲ್ಲ.

ಉತ್ತರ ಒಂದೇ ವಾಕ್ಯ ಇರಬೇಕು, ಕಂಡದ್ದನ್ನು ಹೇಳಬೇಕು. "ಎರಡೂ ಕಾಲು ಊರಿತ್ತು, ಎದೆಗೆ ತಗುಲಿತು." ಇಷ್ಟೇ. "ನನ್ನ ತೀರ್ಪು ಅದು" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಕಾಣದಿದ್ದರೆ "ನನಗೆ ಆ ಕೋನದಿಂದ ಕಾಣಲಿಲ್ಲ ಕೋಚ್" ಅನ್ನುವುದು. ಇದನ್ನು ಹೇಳಲು ಹಿರಿಯರಿಗೆ ತುಂಬ ಕಷ್ಟವಾಯಿತು. ನಾಲ್ಕನೇ ಸಲಕ್ಕೆ ಬಾಯಿಗೆ ಬಂತು. "ಸಮಾಧಾನ ಮಾಡ್ಕೊಳ್ಳಿ" ಅನ್ನುವ ಮಾತನ್ನು ಪೂರ್ತಿ ಬಿಟ್ಟೆವು. ಅದನ್ನು ಕೇಳಿ ಸಮಾಧಾನ ಆದವರನ್ನು ನಾನು ಕಂಡಿಲ್ಲ.

ದೇಹದ ಭಾಷೆಗೆ ಒಂದು ಇಡೀ ಗಂಟೆ ಕೊಟ್ಟೆವು. ಮುಖಕ್ಕೆ ಮುಖ ಕೊಟ್ಟು ನಿಲ್ಲಬಾರದು. ಕೋಚ್ ಪಕ್ಕಕ್ಕೆ ಬಂದು, ಇಬ್ಬರೂ ಅಂಗಳದ ಕಡೆ ನೋಡುವ ಹಾಗೆ ನಿಂತರೆ ಅದೇ ಮಾತು ಅರ್ಧ ದನಿಯಲ್ಲಿ ಬರುತ್ತದೆ. ಕೈ ಬೆನ್ನ ಹಿಂದೆ ಅಥವಾ ಪಕ್ಕದಲ್ಲಿ. ಅಂಗೈ ಎತ್ತುವಂತಿಲ್ಲ, ಬೆರಳು ತೋರಿಸುವಂತಿಲ್ಲ. ಚೆಂಡು ಸತ್ತಿರುವಾಗ ಮಾತ್ರ ಮಾತು, ಆಟ ನಡೆಯುವಾಗ ಇಲ್ಲ.

ಟೆಕ್ನಿಕಲ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ತಡವಾಗಿ ಕೊಟ್ಟ ಟೆಕ್ನಿಕಲ್‌ನಷ್ಟು ದುಬಾರಿ ಯಾವುದೂ ಇಲ್ಲ. ನಿಯಮವೇ ಮೊದಲು ಎಚ್ಚರಿಸಲು ದಾರಿ ಕೊಟ್ಟಿದೆ. ಒಂದು ಸ್ಪಷ್ಟ ಎಚ್ಚರಿಕೆ, ಅದನ್ನು ಜೊತೆಗಾರರಿಗೆ ತಿಳಿಸುವುದು, ಮತ್ತೆ ಆದರೆ ಟೆಕ್ನಿಕಲ್. ಅದರ ಶಿಕ್ಷೆ ಈಗ 1 ಫ್ರೀ ಥ್ರೋ ಮಾತ್ರ, ಆಮೇಲೆ ಚೆಂಡು ಯಾರ ಬಳಿ ಇತ್ತೋ ಅವರಿಗೇ. ಎರಡನೇ ಕ್ವಾರ್ಟರ್‌ನಲ್ಲಿ ಶಾಂತವಾಗಿ ಕೊಟ್ಟಿದ್ದರೆ ಒಂದು ಪಾಯಿಂಟ್‌ಗೆ ಮುಗಿಯುತ್ತಿತ್ತು. ಕೊಡುವಾಗ ಸನ್ನೆ ಸಣ್ಣದಿರಲಿ, ದನಿ ಮಾಮೂಲಿ ಇರಲಿ. ಕೊಟ್ಟವರು ಅಲ್ಲಿಂದ ದೂರ ಹೋಗಬೇಕು, ಜೊತೆಗಾರರು ಕೋಚ್ ಹತ್ತಿರ ಬರಬೇಕು.

ಎರಡನೇ ಪಂದ್ಯ

ಆರು ವಾರದ ನಂತರ ಅವೇ ಎರಡು ತಂಡ. ಇದೇ ರೆಫ್ರಿಗಳನ್ನು ಹಾಕಬೇಕಾ ಬೇಡವಾ ಅಂತ ಸಮಿತಿಯಲ್ಲಿ ಚರ್ಚೆ ಆಯಿತು. ಬೇರೆಯವರನ್ನು ಹಾಕುವುದು ಸುಲಭದ ದಾರಿ. ಆದರೆ ಕಿರಿಯ ರೆಫ್ರಿ ತಾವೇ ಕೇಳಿದರು, ಈ ಪಂದ್ಯ ನನಗೆ ಕೊಡಿ ಅಂತ. ಬದಲಿಸಿದರೆ ಕೂಗಿದವರಿಗೆ ರೆಫ್ರಿಯನ್ನು ಆರಿಸುವ ಅಧಿಕಾರ ಕೊಟ್ಟ ಹಾಗಾಗುತ್ತೆ ಅಂತ ನಾನೂ ವಾದಿಸಿದೆ. ಒಪ್ಪಿದರು. ಹಿಂದಿನ ರಾತ್ರಿ ನನಗೆ ನಿದ್ದೆ ಸರಿ ಬರಲಿಲ್ಲ.

ಪಂದ್ಯ ಶುರುವಾಗುವ ಮೊದಲು ಹಿರಿಯ ರೆಫ್ರಿ ನೀಲಿ ಕೋಚ್ ಹತ್ತಿರ ಹೋದರು. "ಅವತ್ತು ಕೂತ್ಕೊಳ್ಳಿ ಅಂದದ್ದು ನನ್ನ ತಪ್ಪು. ನಿಮಗೆ ನಿಲ್ಲೋ ಹಕ್ಕಿದೆ" ಅಂದರು. ಟೆಕ್ನಿಕಲ್ ಬಗ್ಗೆ ಒಂದು ಮಾತೂ ಆಡಲಿಲ್ಲ. ತಪ್ಪಾದ ಕಡೆ ತಪ್ಪು ಒಪ್ಪಿಕೊಂಡರು, ಸರಿಯಿದ್ದ ಕಡೆ ಹಿಂದೆ ಸರಿಯಲಿಲ್ಲ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಎರಡನೇ ಕ್ವಾರ್ಟರ್‌ನಲ್ಲಿ ಬಿಳಿ ತಂಡಕ್ಕೆ ಎರಡು ಫ್ರೀ ಥ್ರೋ ಕೊಡಲು ಹೊರಟಿದ್ದರು. ಕ್ವಾರ್ಟರ್‌ನಲ್ಲಿ ನೀಲಿಯ ನಾಲ್ಕು ಟೀಮ್ ಫೌಲ್ ಆಗಿದೆ, ಇದು ಐದನೆಯದು ಅಂತ ಲೆಕ್ಕ. ನೀಲಿ ಕೋಚ್ ಟೇಬಲ್ ಕಡೆ ತಿರುಗಿ, "ನಮ್ಮದು ಮೂರೇ ಆಗಿತ್ತಲ್ಲ?" ಅಂದರು. ಹಿರಿಯ ರೆಫ್ರಿ ಆಟ ನಿಲ್ಲಿಸಿದರು. ಸ್ಕೋರ್‌ಶೀಟ್ ಮೇಲೆ ಬಗ್ಗಿ, ಸ್ಕೋರರ್ ಪೆನ್ನಿನ ತುದಿಯನ್ನು ಒಂದೊಂದೇ ಗುರುತಿನ ಮೇಲೆ ಇಡಿಸುತ್ತಾ ಎಣಿಸಿದರು. ಮೂರೇ. ಮೇಜಿನ ಮೇಲೆ ತೋರಿಸಿದ ಸಂಖ್ಯೆ ಒಂದು ಜಾಸ್ತಿಯಾಗಿತ್ತು. ಫ್ರೀ ಥ್ರೋ ರದ್ದು, ಬಿಳಿ ತಂಡಕ್ಕೆ ಸೈಡಿನಿಂದ ಚೆಂಡು. "ಥ್ಯಾಂಕ್ಸ್ ಕೋಚ್" ಅಂದರು. ಬಿಳಿ ಕೋಚ್‌ಗೂ ಹೋಗಿ ಏನಾಯಿತು ಅಂತ ಎರಡು ಮಾತಲ್ಲಿ ಹೇಳಿದರು. ಮೂವತ್ತು ಸೆಕೆಂಡ್ ಹಿಡಿದಿರಬಹುದು.

ಮೂರನೇ ಕ್ವಾರ್ಟರ್. ಅದೇ ಗಾರ್ಡ್, ಅದೇ ನುಗ್ಗು, ಅದೇ ಉದ್ದನೆಯ ಹುಡುಗ. ಕಿರಿಯ ರೆಫ್ರಿ ಮತ್ತೆ ಚಾರ್ಜ್ ಕೊಟ್ಟರು. ನಾನು ಪೆನ್ನು ಕೆಳಗಿಟ್ಟೆ.

"ಮೇಡಂ!"

ಆಕೆ ಟೇಬಲ್‌ಗೆ ಸನ್ನೆ ಮುಗಿಸಿ, ಒಂದು ಹೆಜ್ಜೆ ಪಕ್ಕಕ್ಕೆ ಬಂದು, ಅಂಗಳದ ಕಡೆ ನೋಡುತ್ತಾ ಹೇಳಿದರು: "ಮೊದಲೇ ನಿಂತಿದ್ದ ಕೋಚ್. ಎದೆಗೆ ತಗುಲಿತು."

"ಕಾಲು ಸರೀತಲ್ಲ?"

"ಪಕ್ಕಕ್ಕೆ ಸರಿದ. ಮುಂದೆ ಬರಲಿಲ್ಲ."

ಕೋಚ್ ತಲೆ ಅಲ್ಲಾಡಿಸಿದರು. ಒಪ್ಪಿದ ಹಾಗೆ ಕಾಣಲಿಲ್ಲ. ಆದರೆ ತಿರುಗಿ ತಮ್ಮ ಹುಡುಗರಿಗೆ ಏನೋ ಕೂಗಿದರು, ಆಟ ಮುಂದುವರಿಯಿತು. ಐದು ಸೆಕೆಂಡೂ ಆಗಿರಲಿಲ್ಲ. ಅಸಿಸ್ಟೆಂಟ್ ಕೋಚ್ ಮಾತ್ರ ಎದ್ದು ಇನ್ನೂ ಕೂಗುತ್ತಿದ್ದರು. ಹಿರಿಯ ರೆಫ್ರಿ ಅವರ ಕಡೆ ನೋಡಲಿಲ್ಲ. ಹೆಡ್ ಕೋಚ್ ಹತ್ತಿರ ಬಂದು, "ಅವರಿಗೆ ನೀವೇ ಹೇಳಿ, ನಾನು ಹೇಳಿದ್ರೆ ನಿಮ್ಮ ಲೆಕ್ಕಕ್ಕೆ ಬರುತ್ತೆ" ಅಂದರು. ಬೆಂಚಿನವರ ಟೆಕ್ನಿಕಲ್ ಹೆಡ್ ಕೋಚ್ ಹೆಸರಿಗೇ ಬೀಳುತ್ತದೆ. ಅಸಿಸ್ಟೆಂಟ್ ಕೂತರು.

ಕೊನೆಯ ಕ್ವಾರ್ಟರ್‌ನಲ್ಲಿ ಒಂದು ಎಚ್ಚರಿಕೆ ಕೊಡಬೇಕಾಯಿತು. ಇನ್ನೊಂದು ನಿಮಿಷ ಇರುವಾಗ ನೀಲಿ ಕೋಚ್ ಮತ್ತೆ ಗೆರೆ ದಾಟಿ ಒಳಗೆ ಬಂದು, ಕ್ಲಿಪ್‌ಬೋರ್ಡ್ ಎತ್ತಿ ಬೀಸಿದರು. ಕಿರಿಯ ರೆಫ್ರಿ ಎದೆಯ ಮಟ್ಟದಲ್ಲಿ ಸಣ್ಣದಾಗಿ ಟಿ ತೋರಿಸಿ, ಟೇಬಲ್‌ಗೆ ಹೇಳಿ, ಅಂಗಳದ ಆ ಬದಿಗೆ ನಡೆದುಬಿಟ್ಟರು. ಹಿರಿಯರು ಬಂದು ಕೋಚ್ ಪಕ್ಕ ನಿಂತರು. ಇಬ್ಬರೂ ಬಿಳಿ ಹುಡುಗ ಫ್ರೀ ಥ್ರೋ ಹಾಕುವುದನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೋಚ್ "ಸರಿ" ಅಂದು ಬೆಂಚಿಗೆ ಹಿಂದಿರುಗಿದರು.

ನೀಲಿ ತಂಡ ಈ ಸಲವೂ ಸೋತಿತು. ಪಂದ್ಯದ ನಂತರ ಕೋಚ್ ಕೈ ಕುಲುಕಿ, "ಆ ಚಾರ್ಜ್ ನಾನು ಒಪ್ಪಲ್ಲ ಮೇಡಂ" ಅಂದರು. "ಗೊತ್ತು ಸರ್" ಅಂದರು ಆಕೆ. ಕ್ಯಾಪ್ಟನ್ ಹುಡುಗನೂ ಕೈ ಕೊಟ್ಟ.

ನಾವು ಬಿಟ್ಟದ್ದು

ಕೋಚ್‌ಗೆ ಬೇಕಿದ್ದದ್ದು ತೀರ್ಪು ಬದಲಾಗುವುದಲ್ಲ, ನೋಡಿ ಕೊಟ್ಟಿದ್ದಾರೆ ಅನ್ನುವ ನಂಬಿಕೆ. ಅದಕ್ಕೆ ಐದು ಸೆಕೆಂಡ್ ಸಾಕಾಯಿತು. ಎಲ್ಲ ಕೋಚ್‌ಗಳೂ ಹೀಗಿರುವುದಿಲ್ಲ ಅಂತ ಗೊತ್ತು. ಎಲ್ಲ ಆಟದಲ್ಲೂ ನಿಯಮ ಒಂದೇ ಅಲ್ಲ. ವಾಲಿಬಾಲ್‌ನಲ್ಲಿ ವಿವರಣೆ ಕೇಳುವ ಹಕ್ಕು ಅಂಗಳದಲ್ಲಿರುವ ಕ್ಯಾಪ್ಟನ್‌ಗೆ ಮಾತ್ರ. ಫುಟ್‌ಬಾಲ್‌ನಲ್ಲಿ 2019ರಿಂದ ಕೋಚ್‌ಗೂ ಹಳದಿ, ಕೆಂಪು ಕಾರ್ಡ್ ತೋರಿಸಬಹುದು. ನಿಮ್ಮ ಆಟದ ಪುಸ್ತಕ ಏನು ಹೇಳುತ್ತದೋ ಮೊದಲು ಅದನ್ನು ನೋಡಿಕೊಳ್ಳಿ.

ಈ ಬರಹಕ್ಕಾಗಿ ಹಳೇ ನೋಟ್‌ಬುಕ್ ತೆಗೆದಾಗ ಒಂದು ವಿಷಯ ಗಮನಕ್ಕೆ ಬಂತು. ಎರಡು ಪಂದ್ಯದ ಹದಿನಾಲ್ಕು ಪುಟಗಳಲ್ಲಿ ಬಿಳಿ ತಂಡದ ಕೋಚ್ ಬಗ್ಗೆ ಇದ್ದದ್ದು ಒಂದೇ ಸಾಲು: "ಎದ್ದು ನಿಂತರು, ಕೂತರು." ಆ ಬ್ಲಾಕ್ ಬಿದ್ದದ್ದು ಅವರ ಹುಡುಗನ ಮೇಲೆ. ನೀಲಿ ಕೋಚ್ ಜೊತೆ ನಾನು ಒಂದು ಮಧ್ಯಾಹ್ನ ಕಳೆದೆ, ರೆಫ್ರಿಗಳ ಜೊತೆ ಎಷ್ಟೋ ಸಂಜೆ. ಇವರನ್ನು ಯಾರೂ ಏನೂ ಕೇಳಿರಲಿಲ್ಲ. ಅವರು ಕೂಗಿರಲಿಲ್ಲ, ಅದಕ್ಕೇ.

ಕಳೆದ ವಾರ ಫೋನ್ ಮಾಡಿದೆ. ಇಷ್ಟು ದಿನ ಆದ ಮೇಲೆ ಯಾಕೆ ಅಂತ ಅವರಿಗೆ ಆಶ್ಚರ್ಯವಾಯಿತು. ಮೊದಲ ಪಂದ್ಯದ ಮೂರನೇ ಕ್ವಾರ್ಟರಿನ ಬ್ಲಾಕ್ ನೆನಪಿದೆಯಾ ಅಂದೆ.

"ಆರು ನಿಮಿಷ ಬಾಕಿ ಇತ್ತು" ಅಂದರು. "ಅದು ನನ್ನ ಹುಡುಗನ ನಾಲ್ಕನೇ ಫೌಲ್. ಅವನನ್ನು ಕೂರಿಸಬೇಕಾಯ್ತು. ಏನು ತಪ್ಪು ಮಾಡಿದೆ ಸರ್ ಅಂತ ಕೇಳಿದ. ನನಗೆ ಹೇಳೋಕೆ ಗೊತ್ತಾಗಲಿಲ್ಲ."

ಅದು ನಮ್ಮ ತಪ್ಪು, ಅವನದಲ್ಲ ಅಂತ ಅವನಿಗೆ ಹೇಳಿ ಅಂದೆ. ಹೇಳ್ತೀನಿ ಅಂದರು.